ಓದುಗರ ಪ್ರಶ್ನೆ: ಬ್ಯಾನಿ ಎದ್ದ ಮ್ಯಾಲಲ್ಲ, ಗಡಿಯಾರ ನೋಡಿ

ಈ ಸಲದ ಪತ್ರಗಳು ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದಿವೆ. ಹೆಚ್ಚಿನವನ್ನು ಬರೆದವರು ವಾರ್ಡಿನಲ್ಲಿ ರೋಗಿಯ ಮಗ್ಗುಲಿಗೆ ಸ್ಟೂಲು ಹಾಕಿಕೊಂಡು ಕೂತವರು. ಎಲ್ಲರ ಮನೆಯಲ್ಲೂ ಮುಂದುವರಿದ ಕ್ಯಾನ್ಸರ್. ಹೆಸರು ಬಿಟ್ಟು ಊರನ್ನಷ್ಟೇ ಹಾಕಿದ್ದೇವೆ. ಉತ್ತರಗಳಲ್ಲಿರುವ ಔಷಧದ ಪ್ರಮಾಣಗಳು ವಯಸ್ಕರಿಗೆ. ಕೇಸ್ ಪೇಪರ್ ಕೈಯಲ್ಲಿರುವ ವೈದ್ಯರು ಅದನ್ನು ಏರಿಸಬಹುದು, ಇಳಿಸಬಹುದು. ನೀವಾಗಿ ಬದಲಿಸಬೇಡಿ, ಆದರೆ ಕೇಳುವುದನ್ನು ಬಿಡಬೇಡಿ.

ನಮ್ಮ ಅಪ್ಪಗ ದವಡಿ ಕ್ಯಾನ್ಸರ್, ಕುತ್ತಿಗಿಗೆ ಹಬ್ಬೈತಿ. ಬೆಳಗಾವ್ಯಾಗ ಅಡ್ಮಿಟ್ ಮಾಡೇವಿ. ಇಂಜೆಕ್ಷನ್ ಕೊಟ್ಟರ ಮೂರು-ನಾಕು ತಾಸು ಸುಮ್ಮನಿರ್ತಾರ, ಆಮ್ಯಾಲೆ ಮತ್ತ ಒದ್ದಾಡ್ತಾರ. ರಾತ್ರಿ ಸಿಸ್ಟರ್‌ಗೆ ಕೇಳಿದರ ಡಾಕ್ಟರ್ ಬರದಿಲ್ಲ ಅಂತಾರ. ಈಗ ಮಾರ್ಫಿನ್ ಚಾಲೂ ಮಾಡೋಣು ಅನ್ನಾಕತ್ತಾರ. ಅದು ಕಡೀ ಔಷಧ, ಚಟ ಹತ್ತತೈತಿ ಅಂತ ನಮ್ಮ ಕಾಕಾ ಬ್ಯಾಡ ಅಂತಾರ. — ಅಥಣಿ

ತೊಂದರೆ ಇರುವುದು ಇಂಜೆಕ್ಷನ್‌ನಲ್ಲಲ್ಲ, ಅದನ್ನು ಬರೆದ ರೀತಿಯಲ್ಲಿ. ಕೇಸ್ ಪೇಪರಿನಲ್ಲಿ ‘ಎಸ್‌ಒಎಸ್’ ಎಂದಿದ್ದರೆ ಬೇಕಾದಾಗ ಮಾತ್ರ ಕೊಡಿ ಎಂದರ್ಥ. ರೋಗಿ ಒದ್ದಾಡಬೇಕು, ನೀವು ಓಡಬೇಕು, ಸಿಸ್ಟರ್ ಇನ್ನೊಂದು ವಾರ್ಡಿನಿಂದ ಬರಬೇಕು, ಔಷಧ ಏರಬೇಕು. ಅಷ್ಟರಲ್ಲಿ ನೋವು ಹದಿನಾರಾಣೆಗೆ ಮುಟ್ಟಿರುತ್ತದೆ. ಅಲ್ಲಿಂದ ಅದನ್ನು ಇಳಿಸಲು ಹೆಚ್ಚು ಔಷಧ ಬೇಕು. ಕ್ಯಾನ್ಸರ್ ನೋವು ದಿನವಿಡೀ ಇರುವಂಥದ್ದು, ಆದ್ದರಿಂದ ಔಷಧವೂ ಗಡಿಯಾರ ನೋಡಿಕೊಂಡೇ ಹೋಗಬೇಕು. ವಿಶ್ವ ಆರೋಗ್ಯ ಸಂಸ್ಥೆ 1986ರಿಂದಲೂ ಇದನ್ನೇ ಹೇಳುತ್ತಿದೆ: ಆದಷ್ಟು ಬಾಯಿಯ ಮೂಲಕ, ಹೊತ್ತಿಗೆ ಸರಿಯಾಗಿ, ಆ ರೋಗಿಗೆ ಬೇಕಾದಷ್ಟು.

ಮಾರ್ಫಿನ್ ಜೋರು ನೋವಿಗೆ ಕೊಡುವ ಔಷಧ, ಅದು ಹೀಗೆ ನಡೆಯುತ್ತದೆ. ಸಾಮಾನ್ಯವಾಗಿ 5 ಮಿಲಿಗ್ರಾಂನಿಂದ ಶುರು, ನಾಲ್ಕು ತಾಸಿಗೊಮ್ಮೆ. ತೀರಾ ವಯಸ್ಸಾದವರಿಗೆ, ಸೊರಗಿದವರಿಗೆ 2.5. ಸಾದಾ ಮಾತ್ರೆ ಅರ್ಧ ತಾಸಿನಲ್ಲಿ ಹತ್ತಲು ಶುರುವಾಗಿ ಒಂದು ತಾಸಿಗೆ ಪೂರ್ತಿ ಏರಿ, ನಾಲ್ಕು ತಾಸಿಗೆ ಇಳಿಯುತ್ತದೆ. ಹೊತ್ತು ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ರಾತ್ರಿ ಹತ್ತರದ್ದು ದುಪ್ಪಟ್ಟು ಕೊಟ್ಟರೆ ನಡುರಾತ್ರಿ ಎರಡಕ್ಕೆ ಎಬ್ಬಿಸುವ ಕೆಲಸ ತಪ್ಪುತ್ತದೆ. ಇದಲ್ಲದೆ ನಡುವೆ ನೋವು ಚಿಮ್ಮಿದರೆ ಕೊಡುವ ಹೆಚ್ಚುವರಿ ಡೋಸೂ ಅದೇ ಪೇಪರಿನಲ್ಲಿ ಇರಬೇಕು. ಅದು ದಿನದ ಒಟ್ಟು ಪ್ರಮಾಣದ ಆರನೇ ಒಂದು ಪಾಲು. ನಿಮ್ಮ ರಾತ್ರಿಯ ಜಗಳವೆಲ್ಲ ಈ ಒಂದು ಸಾಲು ಇಲ್ಲದ್ದಕ್ಕೆ. ಸಂಜೆ ರೌಂಡ್ಸಿಗೆ ಡಾಕ್ಟರ್ ಬಂದಾಗಲೇ ಬರೆಸಿಕೊಳ್ಳಿ.

ಡೋಸ್ ಏರಿಸುವುದು ಲೆಕ್ಕದ ಮೇಲೆ, ಅಂದಾಜಿನ ಮೇಲಲ್ಲ. 10 ಮಿಲಿಗ್ರಾಂ ದಿನಕ್ಕೆ ಆರು ಪಾಲು, ಒಟ್ಟು 60. ನಡುವೆ ಮೂರು ಸಲ ಹೆಚ್ಚುವರಿ 10 ಬೇಕಾಯಿತು, ಅಂದರೆ 90. ಅದನ್ನು ಆರಕ್ಕೆ ಹಂಚಿದರೆ 15. ನಾಳೆಯ ಡೋಸ್ 15, ಹೆಚ್ಚುವರಿಯೂ 15. ಈ ಲೆಕ್ಕ ಹಾಕಲು ವೈದ್ಯರಿಗೆ ನಿಮ್ಮ ಚೀಟಿ ಬೇಕು: ಎಷ್ಟು ಗಂಟೆಗೆ ಎಷ್ಟು ಕೊಟ್ಟರು, ಒಂದು ತಾಸಾದ ಮೇಲೆ ನೋವು ಎಷ್ಟಿತ್ತು. ಹತ್ತಕ್ಕೆ ಎಷ್ಟು ಎಂದರೆ ನಮ್ಮ ಕಡೆಯ ಹಿರಿಯರು ತಡವರಿಸುತ್ತಾರೆ. ‘ನಿನ್ನೆ ರೂಪಾಯಿ ಇತ್ತಲ್ಲ, ಇವತ್ತು ಎಷ್ಟಾಣೆ?’ ಎಂದು ಕೇಳಿ, ತಟ್ಟನೆ ಹೇಳುತ್ತಾರೆ.

ದವಡೆ ಕ್ಯಾನ್ಸರ್ ಎಂದಿದ್ದೀರಿ, ಮೂಗಿನ ನಳಿಗೆ ಇರಬಹುದು. ಸಾದಾ ಮಾತ್ರೆಯನ್ನು ಪುಡಿಮಾಡಿ, ನೀರಿನಲ್ಲಿ ಕಲಸಿ ನಳಿಗೆಯಲ್ಲಿ ಬಿಡಬಹುದು, ಹಿಂದೆಯೇ 20–30 ಮಿಲಿಲೀಟರ್ ನೀರು ಹಾಯಿಸಿ. ಆದರೆ 12 ತಾಸಿಗೊಮ್ಮೆ ಕೊಡುವ ನಿಧಾನ ಬಿಡುಗಡೆಯ ಮಾತ್ರೆಯನ್ನು ಪುಡಿ ಮಾಡಲೇಬಾರದು. ಅರ್ಧ ದಿನದ ಔಷಧ ಒಮ್ಮೆಲೇ ರಕ್ತಕ್ಕೆ ಇಳಿಯುತ್ತದೆ, ಉಸಿರೇ ನಿಧಾನವಾದೀತು. ಸ್ಟ್ರಿಪ್ ಮೇಲೆ ‘ಎಸ್‌ಆರ್’ ಇದೆಯೋ ಇಲ್ಲವೋ ಪ್ರತಿ ಸಲ ಓದಿ.

ಕಾಕಾ ಅವರಿಗೆ: ನೋವಿಗೆಂದು ಸರಿಯಾದ ಲೆಕ್ಕದಲ್ಲಿ ಕೊಟ್ಟಾಗ ಚಟ ಹತ್ತುವುದು ಅಪರೂಪ. ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ, ನಿಜ. ಅದಕ್ಕೇ ಒಮ್ಮೆಲೇ ನಿಲ್ಲಿಸುವುದಿಲ್ಲ, ಹಂತಹಂತವಾಗಿ ಇಳಿಸುತ್ತಾರೆ. ರೇಡಿಯೇಶನ್‌ನಿಂದ ನೋವು ತಗ್ಗಿದವರಿಗೆ ಮಾರ್ಫಿನ್ ಇಳಿಸಿ ಬಿಡಿಸುವುದೂ ಉಂಟು. ‘ಕಡೀ ಔಷಧ’ ಎಂಬ ಹೆಸರು ಬಂದದ್ದು ಅದನ್ನು ಕಡೆಯವರೆಗೆ ತಡೆಹಿಡಿದದ್ದರಿಂದ.

ಮೊದಲ ಎರಡು-ಮೂರು ದಿನ ಜೋಂಪು ಹತ್ತುತ್ತದೆ. ಅದರಲ್ಲಿ ಒಂದಷ್ಟು ಎಷ್ಟೋ ರಾತ್ರಿಗಳ ಬಾಕಿ ನಿದ್ದೆ. ಮೊದಲ ವಾರ ವಾಕರಿಕೆ ಬಂದರೆ ಮೆಟೊಕ್ಲೊಪ್ರಮೈಡ್ ಅಥವಾ ರಾತ್ರಿ ಹ್ಯಾಲೊಪೆರಿಡಾಲ್ ಅರ್ಧದಿಂದ ಒಂದೂವರೆ ಮಿಲಿಗ್ರಾಂ ಸಾಕು. ಗಾಬರಿಯಾಗಬೇಕಾದ್ದು ಬೇರೆ: ಕರೆದರೂ ಏಳದಂಥ ಮಂಪರು, ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಉಸಿರು, ಕೈಕಾಲು ತಾನಾಗಿ ಝಟಕ್ಕನೆ ಸೆಳೆಯುವುದು. ಮೂತ್ರ ಕಡಿಮೆಯಾದವರಲ್ಲಿ ಹೀಗಾಗುವುದು ಹೆಚ್ಚು, ಏಕೆಂದರೆ ಮಾರ್ಫಿನ್ ಒಡೆದು ಬಂದ ವಸ್ತುಗಳನ್ನು ಹೊರಹಾಕುವುದು ಕಿಡ್ನಿ. ಮೂತ್ರ ಇಳಿಮುಖವಾದರೆ ಅದೇ ದಿನ ಹೇಳಿ. ಡೋಸ್ ತಗ್ಗಿಸುತ್ತಾರೆ, ಇಲ್ಲವೇ ಇನ್ನೊಂದು ನೋವಿನ ಔಷಧವಾದ ಫೆಂಟನಿಲ್‌ಗೆ ಬದಲಿಸುತ್ತಾರೆ.

ಅವ್ವಗ ಮಾರ್ಫಿನ್ ಚಾಲೂ ಆಗಿ ಹತ್ತು ದಿನಾತು. ಆರು ದಿನ ಸಂಡಾಸ ಆಗಲಿಲ್ಲ, ಇಸಬಗೋಲ್ ಕೊಟ್ಟಿವಿ. ಈಗ ನೀರಿನಂಗ ಹರ್ಯಾಕತ್ತೈತಿ, ಹಾಸಿಗ್ಯಾಗ ಆಗತೈತಿ. ಜುಲಾಬು ನಿಲ್ಲೋ ಗುಳಿಗಿ ಕೊಡಬೇಕಾ? — ಜಮಖಂಡಿ

ಕೊಡಬೇಡಿ. ಇದು ಜುಲಾಬಲ್ಲ. ಗುದದಲ್ಲಿ ಗಟ್ಟಿ ಮಲ ಬೆಣೆ ಹೊಡೆದಂತೆ ಕೂತಿದೆ, ಅದರ ಮಗ್ಗುಲಿನಿಂದ ಮೇಲಿನ ತೆಳು ಮಲ ಸೋರುತ್ತಿದೆ. ನಿಲ್ಲಿಸುವ ಗುಳಿಗೆ ಕೊಟ್ಟರೆ ಬೆಣೆ ಇನ್ನಷ್ಟು ಬಿಗಿಯುತ್ತದೆ, ಹೊಟ್ಟೆ ಉಬ್ಬಿ ವಾಂತಿ ಶುರುವಾಗುತ್ತದೆ. ಡಾಕ್ಟರ್ ಅಥವಾ ಸಿಸ್ಟರ್ ಬೆರಳು ಹಾಕಿ ನೋಡಬೇಕು. ಗಟ್ಟಿಯಿದ್ದರೆ ಗ್ಲಿಸರಿನ್, ಮೆತ್ತಗಿದ್ದರೆ ಬಿಸಾಕೊಡಿಲ್ ಸಪೊಸಿಟರಿ (ಗುದದಲ್ಲಿಡುವ ಮಾತ್ರೆ), ಆಗದಿದ್ದರೆ ಎನಿಮಾ. ಒಂದೇ ಎಚ್ಚರಿಕೆ: ಕೀಮೋ ಆಗಿ ಬಿಳಿ ರಕ್ತಕಣ ಇಳಿದಿದ್ದರೆ ಬೆರಳು, ಎನಿಮಾ ಎರಡೂ ಬೇಡ. ಕೌಂಟ್ ನೋಡಿಯೇ ಮುಂದಿನ ಮಾತು.

ಇಸಬಗೋಲ್ ಕೆಲಸ ಮಾಡುವುದು ಚೆನ್ನಾಗಿ ನೀರು ಕುಡಿದು ಓಡಾಡುವವರಿಗೆ. ಎರಡು ಲೋಟ ನೀರೂ ಇಳಿಯದೆ ಮಲಗಿದವರ ಹೊಟ್ಟೆಯಲ್ಲಿ ಅದು ಕಣಕದಂತೆ ಗಟ್ಟಿಯಾಗುತ್ತದೆ. ಮಾರ್ಫಿನ್ ಕರುಳಿನ ನಡೆಯನ್ನೇ ನಿಧಾನ ಮಾಡುವುದರಿಂದ ಬೇಕಾದ್ದು ಕರುಳನ್ನು ಎಬ್ಬಿಸುವ ಔಷಧ: ರಾತ್ರಿ ಮಲಗುವಾಗ ಬಿಸಾಕೊಡಿಲ್ 5 ಮಿಲಿಗ್ರಾಂನ ಎರಡು ಮಾತ್ರೆ, ಸಾಲದಿದ್ದರೆ ಜೊತೆಗೆ ಲ್ಯಾಕ್ಟುಲೋಸ್ 15–30 ಮಿಲಿಲೀಟರ್. ಇದು ಮಾರ್ಫಿನ್‌ನ ಮೊದಲ ದಿನವೇ ಶುರುವಾಗಿ ಅದು ಇರುವಷ್ಟು ದಿನವೂ ನಡೆಯಬೇಕು. ಜೋಂಪು, ವಾಕರಿಕೆ ತಾವಾಗಿ ಹೋಗುತ್ತವೆ, ಮಲಬದ್ಧತೆ ಹೋಗುವುದಿಲ್ಲ. ಮಾರ್ಫಿನ್ ಬರೆದು ಇದನ್ನು ಬರೆಯದ ಚೀಟಿ ಅರ್ಧ ಚೀಟಿ. ಉಣ್ಣುವುದೇ ಇಲ್ಲ, ಮಲ ಎಲ್ಲಿಂದ ಬಂತು ಎನ್ನಬೇಡಿ. ಊಟವಿಲ್ಲದಿದ್ದರೂ ಮಲ ಆಗುತ್ತಲೇ ಇರುತ್ತದೆ. ಮೂರು ದಿನ ಆಗದಿದ್ದರೆ ನಾಲ್ಕನೆಯ ದಿನಕ್ಕೆ ಕಾಯಬೇಡಿ.

ಅಪ್ಪಾಜಿಗೆ ನೋವಿನ ಪಟ್ಟಿ ಅಂಟಿಸಿದರು. ಇಡೀ ದಿನ ಬ್ಯಾನಿ ಹೋಗಲಿಲ್ಲ ಅಂತ ತಗದು ಬಿಟ್ಟಿವಿ. ಆಮ್ಯಾಲೆ ಇನ್ನೊಂದು ಹಚ್ಚಿ ಬಿಸಿನೀರಿನ ಚೀಲ ಇಟ್ಟಿವಿ, ಭಾಳ ಮಂಪರಾತು. — ಸಿಂದಗಿ

ಎರಡು ತಪ್ಪು, ಎರಡಕ್ಕೂ ಕಾರಣ ಒಂದೇ. ಫೆಂಟನಿಲ್ ಪಟ್ಟಿಯಿಂದ ಔಷಧ ಮೊದಲು ಚರ್ಮದಲ್ಲಿ ಶೇಖರವಾಗಿ, ಅಲ್ಲಿಂದ ರಕ್ತಕ್ಕೆ ಹೋಗಬೇಕು. ಅದಕ್ಕೆ 12ರಿಂದ 24 ತಾಸು ಬೇಕು. ಮೊದಲ 12 ತಾಸು ಹಳೆಯ ಮಾರ್ಫಿನ್ ನಡೆದೇ ಇರಬೇಕು. ತೆಗೆದ ಮೇಲೂ ಹೆಚ್ಚುಕಡಿಮೆ ಒಂದು ದಿನ ಔಷಧ ಮೈಯಲ್ಲಿ ಉಳಿದಿರುತ್ತದೆ, ಆದ್ದರಿಂದ ಅವಧಿಗೆ ಮೊದಲೇ ತೆಗೆದು ಇನ್ನೊಂದು ಹಚ್ಚುವುದು ಅಪಾಯ. ಬಿಸಿ ತಾಗಿದರೆ ಚರ್ಮದ ರಕ್ತನಾಳ ಅರಳಿ ಔಷಧ ಭರದಿಂದ ಏರುತ್ತದೆ. ಬಿಸಿನೀರಿನ ಚೀಲ, ಕಾದ ಗೋಡೆಗೆ ಬೆನ್ನು ಕೊಟ್ಟು ಕೂರುವುದು, ಜೋರು ಜ್ವರ ಎಲ್ಲವೂ ಒಂದೇ. ವಿಜಯಪುರದ ಮೇ ತಿಂಗಳಲ್ಲಿ ಪಟ್ಟಿ ಹಚ್ಚಿದವರನ್ನು ತಂಪಿನ ಕಡೆ ಮಲಗಿಸಿ.

ತಾಸಿಗೆ 25 ಮೈಕ್ರೋಗ್ರಾಂ ಬಿಡುವ ಪಟ್ಟಿ ಎಂದರೆ ಸುಮಾರಾಗಿ ದಿನಕ್ಕೆ 60 ಮಿಲಿಗ್ರಾಂ ಬಾಯಿ ಮಾರ್ಫಿನ್‌ಗೆ ಸಮ. ಮಾರ್ಫಿನ್ ಕಂಡೇ ಇರದವರಿಗೆ ನೇರವಾಗಿ ಹಚ್ಚುವಂಥದ್ದಲ್ಲ. ಎದೆಯ ಮೇಲ್ಭಾಗ ಅಥವಾ ತೋಳು, ಒಣ ಚರ್ಮ. ಕೂದಲನ್ನು ಕತ್ತರಿಯಿಂದ ಕತ್ತರಿಸಿ, ಬ್ಲೇಡ್ ಹಾಕಬೇಡಿ. ಅಂಗೈಯಿಂದ ಅರ್ಧ ನಿಮಿಷ ಒತ್ತಿ, ಮೇಲೆ ಪೆನ್ನಿನಲ್ಲಿ ತಾರೀಖು-ಗಂಟೆ ಬರೆಯಿರಿ. 72 ತಾಸಿಗೆ ಬದಲು, ಬೇರೆ ಜಾಗದಲ್ಲಿ. ಹಳೆಯದರಲ್ಲಿ ಇನ್ನೂ ಔಷಧ ಇರುತ್ತದೆ. ಅಂಟಿನ ಮುಖ ಒಳಗೆ ಮಾಡಿ ಮಡಚಿ, ಮಕ್ಕಳ ಕೈಗೆ ಸಿಗದಂತೆ ವಾರ್ಡಿನಲ್ಲೇ ಒಪ್ಪಿಸಿ.

ನಮ್ಮ ಅಕ್ಕನ ಎದಿ ಗಂಟು ಒಡದೈತಿ. ವಾಸನಿಗೆ ಬಂದವರು ಸೆರಗು ಮೂಗಿಗೆ ಹಿಡೀತಾರ. ಆಕೀನೂ ಯಾರ ಮಾರಿ ನೋಡವಲ್ಲಳು. ಡ್ರೆಸ್ಸಿಂಗ್ ಬಿಚ್ಚುವಾಗ ರಕ್ತ ಬರತೈತಿ. — ಬೈಲಹೊಂಗಲ

ನಾತ ಹುಟ್ಟುವುದು ಗಂಟಿನಿಂದಲ್ಲ, ಸತ್ತ ಮಾಂಸದಲ್ಲಿ ಗಾಳಿಯಿಲ್ಲದೆ ಬೆಳೆಯುವ ಬ್ಯಾಕ್ಟೀರಿಯಾದಿಂದ. ಹಾಗಾಗಿ ಗಂಟು ಕರಗದಿದ್ದರೂ ನಾತವನ್ನು ತಗ್ಗಿಸಬಹುದು, ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ.

ಬಿಚ್ಚುವ ಅರ್ಧ ತಾಸು ಮೊದಲು ನೋವಿನ ಹೆಚ್ಚುವರಿ ಡೋಸ್ ಕೊಡಿಸಿ. ಅರ್ಧ ಲೀಟರ್ ನೀರನ್ನು ಒಂದು ಮಟ್ಟ ಚಮಚ ಉಪ್ಪು ಹಾಕಿ ಕುದಿಸಿ ಆರಿಸಿ. ಒಣಗಿ ಅಂಟಿದ ಗಾಜ್ (ಡ್ರೆಸ್ಸಿಂಗಿನ ಜಾಳು ಬಟ್ಟೆ) ಮೇಲೆ ಆ ನೀರನ್ನು ಹನಿಸುತ್ತಾ ಹತ್ತು ನಿಮಿಷ ಬಿಡಿ, ತಾನಾಗಿ ಸಡಿಲವಾಗುತ್ತದೆ. ರಕ್ತ ಬರುವುದು ಒಣ ಗಾಜ್ ಬಟ್ಟೆಯನ್ನು ಕಿತ್ತಾಗ. ಗಾಯವನ್ನು ಉಜ್ಜಬೇಡಿ, ಸೂಜಿಯಿಲ್ಲದ ಸಿರಿಂಜಿನಿಂದ ಉಪ್ಪುನೀರು ಹಾಯಿಸಿ ತೊಳೆಯಿರಿ. ಹೈಡ್ರೋಜನ್ ಪೆರಾಕ್ಸೈಡ್ ನೊರೆ ಕಂಡು ಸ್ವಚ್ಛವಾಯಿತು ಅನಿಸುತ್ತದೆ, ಅದು ಜೀವಂತ ಮಾಂಸವನ್ನೂ ಸುಡುತ್ತದೆ, ಬೇಡ. ನಂತರ ಮೆಟ್ರೊನಿಡಜೋಲ್ 400 ಮಿಲಿಗ್ರಾಂ ಮಾತ್ರೆಗಳನ್ನು ನುಣ್ಣಗೆ ಪುಡಿಮಾಡಿ ಗಾಯದ ಮೇಲೆ ಉದುರಿಸಿ. ಆಳವಾದ ಕುಳಿಯಿದ್ದರೆ ಅದೇ ಔಷಧದ 100 ಮಿಲಿಲೀಟರ್ ಡ್ರಿಪ್ ಬಾಟಲಿಯ ದ್ರವದಲ್ಲಿ ಗಾಜ್ ತೋಯಿಸಿ ಮೆತ್ತಗೆ ತುಂಬಿ. ಮೇಲೆ ಅಂಟದ ಪದರ: ವ್ಯಾಸಲಿನ್ ಹಚ್ಚಿದ ಗಾಜ್ ಸಾಕು. ಅದರ ಮೇಲೆ ದಪ್ಪ ಹತ್ತಿ, ಸೋರಿಕೆ ಜಾಸ್ತಿಯಿದ್ದರೆ ಹೆಂಗಸರ ಪ್ಯಾಡ್ ಚೆನ್ನಾಗಿ ಹೀರುತ್ತದೆ. ದಿನಕ್ಕೊಮ್ಮೆ, ನಾತ ಜೋರಿರುವ ಮೊದಲ ದಿನಗಳಲ್ಲಿ ಎರಡು ಸಲ.

ಊದುಬತ್ತಿ, ಸೆಂಟು ಬೇಡ. ನಾತದ ಮೇಲೆ ಮಲ್ಲಿಗೆ ಸೇರಿದರೆ ರೋಗಿಗೇ ವಾಕರಿಕೆ. ಮಂಚದ ಕೆಳಗೆ ಅಗಲ ತಾಟಿನಲ್ಲಿ ಇದ್ದಿಲು ಇಡುವುದು ಎಷ್ಟೋ ವಾಸಿ.

ನೊಣ ಕೂತು ಹುಳ ಬಿದ್ದರೆ ನಾಚಬೇಡಿ, ಮುಚ್ಚಿಡಬೇಡಿ. ಟರ್ಪೆಂಟೈನ್‌ನಲ್ಲಿ ತೋಯಿಸಿದ ಗಾಜ್ ಬಟ್ಟೆಯನ್ನು ಗಾಯದ ಬಾಯಿಗೆ ಹಿಡಿದರೆ ಹುಳಗಳು ಮೇಲೆ ಬರುತ್ತವೆ, ಚಿಮಟದಿಂದ ತೆಗೆಯುತ್ತಾರೆ. ಗಾಯಕ್ಕೆ ಸುರಿಯುವಂತಿಲ್ಲ. ಒಂದೇ ದಿನದಲ್ಲಿ ಮುಗಿಯುವುದಿಲ್ಲ, ಎರಡು-ಮೂರು ದಿನ ಮಾಡಬೇಕು. ಹಗಲೂ ಸೊಳ್ಳೆಪರದೆ ಕಟ್ಟಿ.

ರಕ್ತ ಜಿನುಗಿದರೆ ತೋಯಿಸಿದ ಗಾಜ್ ಬಟ್ಟೆಯಿಂದ ಹತ್ತು ನಿಮಿಷ ಒತ್ತಿ ಹಿಡಿಯಿರಿ, ನಡುವೆ ತೆಗೆದು ನೋಡಬಾರದು. ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆಯ ಪುಡಿಯೂ ನಿಲ್ಲಿಸುತ್ತದೆ. ಪದೇ ಪದೇ ಬಂದರೆ ಕೆಲವೇ ಸಲದ ರೇಡಿಯೇಶನ್‌ನಿಂದ ತಗ್ಗಿಸಬಹುದು, ಕೇಳಿ. ಕುತ್ತಿಗೆಯ ದೊಡ್ಡ ನಾಳದ ಹತ್ತಿರ ಗಾಯ ಇರುವವರ ಮನೆಯವರು ಗಾಢ ಬಣ್ಣದ ದಪ್ಪ ಬಟ್ಟೆ ಹತ್ತಿರ ಇಟ್ಟುಕೊಳ್ಳಲಿ. ರಕ್ತದ ಕೆಂಪು, ಬಿಳಿ ಬಟ್ಟೆಯ ಮೇಲೆ ಕಾಣುವಷ್ಟು ಗಾಢ ಬಣ್ಣದ ಮೇಲೆ ಕಾಣುವುದಿಲ್ಲ, ರೋಗಿಯ ಗಾಬರಿ ಅಷ್ಟು ಕಡಿಮೆ.

ಬೆನ್ನೆಲುಬಿಗೆ ಹಬ್ಬೈತಿ. ಬೆನ್ನು ನೋವಿತ್ತು, ನಿನ್ನೆಯಿಂದ ಕಾಲಾಗ ಶಕ್ತಿ ಇಲ್ಲ, ಮೂತ್ರಾನೂ ಕಟ್ಟೈತಿ. ಅಶಕ್ತಿ ಇರಬೇಕು, ಸಲೈನ್ ಹಚ್ಚಿಸೋಣು ಅಂತೀವಿ. — ಮುದ್ದೇಬಿಹಾಳ

ಈ ಪತ್ರಕ್ಕೆ ಅಂಚೆಗೆ ಕಾಯದೆ ಫೋನಿನಲ್ಲೇ ಉತ್ತರಿಸಿದ್ದೇವೆ. ಇಂಥ ಲಕ್ಷಣ ಕಂಡವರೆಲ್ಲರಿಗೂ ಅದೇ ಉತ್ತರ: ಇದು ಅಶಕ್ತಿಯಲ್ಲ, ಬೆನ್ನುಹುರಿ ಒತ್ತಿಕೊಂಡಿದೆ. ತಾಸುಗಳ ಲೆಕ್ಕ. ಅಲ್ಲೇ ಬಾವು ಇಳಿಸುವ ಸ್ಟೀರಾಯ್ಡ್ ಡೆಕ್ಸಾಮೆಥಾಸೋನ್ 16 ಮಿಲಿಗ್ರಾಂ ಕೊಡಿಸಿ, ಮಲಗಿಸಿಕೊಂಡೇ ಸಾಗಿಸಿ, 24 ತಾಸಿನೊಳಗೆ ಎಂಆರ್‌ಐ, ಅದರ ಬೆನ್ನಲ್ಲೇ ರೇಡಿಯೇಶನ್. ರೇಡಿಯೇಶನ್ ಯಂತ್ರ ಇರುವಲ್ಲಿಗೇ ನೇರ ಹೋಗಿ: ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ಅಥವಾ ಬೆಳಗಾವಿ. ಹೊರಡುವ ಮೊದಲು ಫೋನ್ ಮಾಡಿ ಯಂತ್ರ ನಡೆಯುತ್ತಿದೆಯೇ ಕೇಳಿ. ಚಿಕಿತ್ಸೆಯ ಹೊತ್ತಿಗೆ ನಡೆಯುತ್ತಿದ್ದವರಲ್ಲಿ ಹೆಚ್ಚಿನವರು ಮುಂದೆಯೂ ನಡೆಯುತ್ತಾರೆ. ಕಾಲು ಪೂರ್ತಿ ಬಿದ್ದ ಮೇಲೆ ಹೋದವರಲ್ಲಿ ಎದ್ದು ನಡೆಯುವವರು ಕಡಿಮೆ.

ಶ್ವಾಸಕೋಶದ ಕ್ಯಾನ್ಸರ್. ಆಕ್ಸಿಜನ್ ಮಷೀನ್ 96 ತೋರಸ್ತೈತಿ, ಆದ್ರೂ ದಮ್ಮು ಅಂತಾರ. ಆಕ್ಸಿಜನ್ ಜೋರ ಮಾಡ್ರಿ ಅಂದರ ಸಿಸ್ಟರ್ ಮಾಡವಲ್ಲರು. — ಇಳಕಲ್

ಸಿಸ್ಟರ್ ಮಾಡಿದ್ದು ಸರಿ. 90ರ ಮೇಲೆ ಇರುವವರಿಗೆ ಆಕ್ಸಿಜನ್ ಹೆಚ್ಚಿಸಿದರೆ ದಮ್ಮು ಇಳಿಯುವುದಿಲ್ಲ. ಮೂಗು-ಬಾಯಿ ಒಣಗುತ್ತದೆ, ರೋಗಿ ನಳಿಗೆಗೆ ಕಟ್ಟಿಹಾಕಿದಂತಾಗುತ್ತದೆ. ಆದರೆ ಸುಳ್ಳು ದಮ್ಮು ಎಂದುಕೊಳ್ಳಬೇಡಿ. ಯಂತ್ರ ಅಳೆಯುವುದು ರಕ್ತದ ಆಕ್ಸಿಜನ್, ರೋಗಿಗೆ ಅನಿಸುವುದು ಉಸಿರಿಗೆ ಪಡುವ ಶ್ರಮ. ಮೊದಲು ಕೇಳಬೇಕಾದ್ದು: ಎದೆಯಲ್ಲಿ ನೀರು ತುಂಬಿದೆಯೇ, ಹಿಮೋಗ್ಲೋಬಿನ್ ಎಷ್ಟಿದೆ? ನೀರು ತೆಗೆದರೆ ಅಂದೇ ಹಗುರ. ಒಂದೇ ಸಲ ಒಂದು-ಒಂದೂವರೆ ಲೀಟರಿಗಿಂತ ಹೆಚ್ಚು ತೆಗೆಯುವುದಿಲ್ಲ, ಬೇಗ ಹಿಗ್ಗಿದ ಶ್ವಾಸಕೋಶವೇ ಬಾತುಕೊಂಡೀತು. ಸರಿಪಡಿಸುವಂಥದ್ದು ಏನೂ ಇಲ್ಲದಿದ್ದರೆ ಮಾರ್ಫಿನ್ 2.5 ಮಿಲಿಗ್ರಾಂ ನಾಲ್ಕು ತಾಸಿಗೊಮ್ಮೆ. ಇಷ್ಟು ಪ್ರಮಾಣ ಉಸಿರು ನಿಲ್ಲಿಸುವುದಿಲ್ಲ, ಉಸಿರಿನ ಹಸಿವನ್ನು ತಣಿಸುತ್ತದೆ. ಕೈಯಲ್ಲಿ ಹಿಡಿಯುವ ಪುಟ್ಟ ಫ್ಯಾನನ್ನು ಕೆನ್ನೆ-ಮೂಗಿನ ಕಡೆ ಅರ್ಧ ಅಡಿ ದೂರದಿಂದ ಬೀಸಿ. ಮುಖದ ನರಕ್ಕೆ ತಂಪು ತಾಗಿದರೆ ಮಿದುಳಿಗೆ ಗಾಳಿ ಸಿಕ್ಕಿತೆಂಬ ಸುದ್ದಿ ಹೋಗುತ್ತದೆ. ಮುಂದೆ ಎರಡು ದಿಂಬು ಇಟ್ಟು ಅದರ ಮೇಲೆ ತೋಳೂರಿ ಬಾಗಿ ಕೂರಿಸಿ. ಮಂಚದ ಸುತ್ತ ಎಂಟು ಮಂದಿ ನಿಂತಿದ್ದರೆ ಆರು ಮಂದಿ ಹೊರಗೆ.

ರಾತ್ರಿ ಸೂಜಿ ಕಿತ್ತಾಕ್ತಾರ, ಸತ್ತ ತಮ್ಮನ ಕೂಡ ಮಾತಾಡ್ತಾರ. ಗಾಳಿ ಸೋಕೇತಿ ಅಂತ ಊರಿಂದ ಅಂತ್ರ ತಂದಾರ. — ಬಾದಾಮಿ

ಅಂತ್ರ ಕಟ್ಟುವುದಾದರೆ ಕಟ್ಟಿ, ಅದರಿಂದ ಹಾನಿಯಿಲ್ಲ. ಆದರೆ ಮೊದಲು ಕಿಬ್ಬೊಟ್ಟೆ ಮುಟ್ಟಿ ನೋಡಲು ಹೇಳಿ. ತುಂಬಿ ಕಟ್ಟಿದ ಮೂತ್ರಕೋಶ, ಬೆಣೆ ಕೂತ ಮಲ, ಈ ಎರಡೇ ಎಷ್ಟೋ ‘ಗಾಳಿ’ಗಳಿಗೆ ಕಾರಣ. ಮೂತ್ರಕ್ಕೆ ನಳಿಗೆ ಹಾಕಿದ ಕೂಡಲೇ ನಿದ್ದೆ ಹೋದವರುಂಟು. ಆಮೇಲೆ ಸೋಂಕು, ಸೋಡಿಯಂ, ಕ್ಯಾಲ್ಸಿಯಂ, ಕಿಡ್ನಿ, ಹೊಸದಾಗಿ ಕೊಟ್ಟ ಔಷಧ. ಎಲುಬಿಗೆ ಹಬ್ಬಿದವರಲ್ಲಿ ಕ್ಯಾಲ್ಸಿಯಂ ಏರಿದರೆ ಬಾಯಾರಿಕೆ, ಮಲಬದ್ಧತೆ, ಗೊಂದಲ ಮೂರೂ ಒಟ್ಟಿಗೆ ಬರುತ್ತವೆ. ಸಲೈನ್ ಮತ್ತು ಜೊಲೆಡ್ರೊನಿಕ್ ಆಸಿಡ್‌ನಿಂದ ಇಳಿಯುತ್ತದೆ. ಡೆಕ್ಸಾಮೆಥಾಸೋನ್ ರಾತ್ರಿ ಕೊಡುತ್ತಿದ್ದರೆ ಬೆಳಿಗ್ಗೆಗೆ ಬದಲಿಸಲು ಕೇಳಿ, ರಾತ್ರಿ ಕೊಟ್ಟರೆ ನಿದ್ದೆ ಕೆಡುತ್ತದೆ. ಕೈ ಕಟ್ಟಿದರೆ ಒದ್ದಾಟ ದುಪ್ಪಟ್ಟು. ಹ್ಯಾಲೊಪೆರಿಡಾಲ್ ಅರ್ಧದಿಂದ ಒಂದು ಮಿಲಿಗ್ರಾಂ, ಮಂದ ದೀಪ, ಕನ್ನಡಕ, ಪರಿಚಿತ ದನಿ. ಬರೀ ನಿದ್ದೆ ಗುಳಿಗೆ ಕೊಟ್ಟರೆ ಗೊಂದಲ ಹೆಚ್ಚುವುದೇ ಜಾಸ್ತಿ.

ಅಂಡಾಶಯದ ಕ್ಯಾನ್ಸರ್, ಕರುಳು ಕಟ್ಟೈತಿ, ಆಪರೇಷನ್ ಆಗಂಗಿಲ್ಲ ಅಂದಾರ. ವಾಂತಿಗೆ ಇಂಜೆಕ್ಷನ್ ಕೊಟ್ಟರ ಹೊಟ್ಟಿ ಇನ್ನೂ ಮುರೀತೈತಿ. — ಮುಧೋಳ

ಅದು ಮೆಟೊಕ್ಲೊಪ್ರಮೈಡ್ ಆಗಿದ್ದರೆ ಕರುಳನ್ನು ದೂಡುವ ಔಷಧ. ಪೂರ್ತಿ ಕಟ್ಟಿದ ಕರುಳನ್ನು ದೂಡಿದರೆ ಮುರಿಯದೆ ಏನು ಮಾಡೀತು? ಬದಲಿಗೆ ಹ್ಯಾಲೊಪೆರಿಡಾಲ್, ಮುರಿತಕ್ಕೆ ಹೈಯೊಸಿನ್ ಬ್ಯೂಟೈಲ್‌ಬ್ರೊಮೈಡ್ 20 ಮಿಲಿಗ್ರಾಂ, ಕರುಳಿನ ರಸ ತಗ್ಗಿಸಲು ಆಕ್ಟ್ರಿಯೊಟೈಡ್ 100 ಮೈಕ್ರೋಗ್ರಾಂ ಎಂಟು ತಾಸಿಗೊಮ್ಮೆ ಚರ್ಮದಡಿಗೆ, ಬೆಳಿಗ್ಗೆ ಡೆಕ್ಸಾಮೆಥಾಸೋನ್ 8 ಮಿಲಿಗ್ರಾಂ. ವಾಂತಿ ದಿನಕ್ಕೆ ಒಂದೆರಡಕ್ಕೆ ಇಳಿದರೆ ಮೂಗಿನ ನಳಿಗೆ ತೆಗೆಸಬಹುದು, ಗುಟುಕು ಮಜ್ಜಿಗೆ, ಐಸ್ ತುಂಡು ಕೊಡಬಹುದು.

ಅಜ್ಜಿಗೆ ಐದು ದಿನದಿಂದ ಅಂಬಲಿ ಕೂಡ ಇಳಿಯುತ್ತಿಲ್ಲ, ಗಂಟಲಲ್ಲಿ ಗೊರಗೊರ ಶಬ್ದ. ಐಸಿಯುಗೆ ಹಾಕಬೇಕೋ ಬೇಡವೋ ಎಂದು ಮನೆಯಲ್ಲಿ ಎರಡು ಮಾತಾಗಿದೆ. — ವಿಜಯಪುರ

ಉಪವಾಸದಿಂದ ಅವರು ಕ್ಷೀಣಿಸುತ್ತಿಲ್ಲ, ಕ್ಷೀಣಿಸುತ್ತಿರುವುದರಿಂದ ಹಸಿವೆ ನಿಂತಿದೆ. ಈಗ ಬಲವಂತದ ಅಂಬಲಿ ಶ್ವಾಸನಾಳಕ್ಕೆ ಹೋಗುತ್ತದೆ. ಬಾಟಲಿ ಮೇಲೆ ಬಾಟಲಿ ಸಲೈನ್ ಕಾಲಿಗೆ ಬಾವಾಗಿ, ಗಂಟಲಿಗೆ ಕಫವಾಗಿ ಹೊರಬರುತ್ತದೆ. ತಾಸಿಗೊಮ್ಮೆ ಒದ್ದೆ ಹತ್ತಿಯಿಂದ ತುಟಿ-ನಾಲಗೆ ಒರೆಸಿ, ತುಟಿಗೆ ಬೆಣ್ಣೆ ಸವರಿ. ಗೊರಗೊರಕ್ಕೆ ಮಗ್ಗುಲಾಗಿ ಮಲಗಿಸುವುದು ಮೊದಲ ಮದ್ದು, ನಂತರ ಗ್ಲೈಕೊಪೈರೊಲೇಟ್ 0.2 ಮಿಲಿಗ್ರಾಂ ಚರ್ಮದಡಿಗೆ. ಅದು ಹೊಸ ಕಫವನ್ನು ತಡೆಯುತ್ತದೆ, ಆಗಲೇ ಕೂತದ್ದನ್ನು ತೆಗೆಯುವುದಿಲ್ಲ, ಆದ್ದರಿಂದ ಶಬ್ದ ಶುರುವಾದಾಗಲೇ ಕೊಡಬೇಕು. ಆಳಕ್ಕೆ ನಳಿಗೆ ಹಾಕಿ ಎಳೆಯುವುದು ಹಿಂಸೆ. ಪ್ರಜ್ಞೆಯಿಲ್ಲದವರಿಗೆ ಆ ಶಬ್ದ ಬಾಧಿಸುವುದಿಲ್ಲ, ಬಾಧಿಸುವುದು ನಮ್ಮನ್ನು.

ವೆಂಟಿಲೇಟರ್ ವಿಷಯ: ಫಲವಿಲ್ಲದ ಯಂತ್ರಗಳನ್ನು ಹಾಕದಿರಲು ಅಥವಾ ತೆಗೆಯಲು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ದಾರಿ ಮಾಡಿಕೊಟ್ಟಿತು, 2023ರ ಜನವರಿಯಲ್ಲಿ ಅದನ್ನು ಸರಳಗೊಳಿಸಿತು. ಆಸ್ಪತ್ರೆಯ ಮೂವರು ವೈದ್ಯರ ಮಂಡಳಿ, ಅದರ ಮೇಲೆ ಮೂವರ ಇನ್ನೊಂದು ಮಂಡಳಿ ಒಪ್ಪಬೇಕು, ಮನೆಯವರ ಸಮ್ಮತಿ ಬರಹದಲ್ಲಿ ಬೇಕು. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಇದಕ್ಕೆ ಸುತ್ತೋಲೆ ಹೊರಡಿಸಿದೆ. ಯಂತ್ರ ಬೇಡವೆಂದರೆ ನೋವಿನ ಔಷಧವೂ ಬೇಡವೆಂದಲ್ಲ, ಆ ಮಾತನ್ನು ಕೇಸ್ ಪೇಪರಿನಲ್ಲಿ ಬರೆಸಿ.

ಪ್ಯಾಲಿಯೇಟಿವ್ ಡಾಕ್ಟರನ್ನು ಕರೆಸುತ್ತೇವೆ ಎಂದರು. ಕೀಮೋ ಇನ್ನೂ ನಡೆದಿದೆ. ಕೈ ಚೆಲ್ಲಿದರೆಂದೇ? — ಬೆಳಗಾವಿ

ಅಲ್ಲ. 2010ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಮುಂದುವರಿದ ಶ್ವಾಸಕೋಶ ಕ್ಯಾನ್ಸರಿನ 151 ಮಂದಿಯ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಚಿಕಿತ್ಸೆಯ ಜೊತೆಗೇ ಪ್ಯಾಲಿಯೇಟಿವ್, ಅಂದರೆ ನೋವು-ಸಂಕಟ ತಗ್ಗಿಸುವ ಉಪಶಮನ ಆರೈಕೆ ಪಡೆದವರು ಹೆಚ್ಚು ನೆಮ್ಮದಿಯಿಂದಿದ್ದರು. ಅವರ ಬದುಕಿನ ಮಧ್ಯಮ ಅವಧಿ 11.6 ತಿಂಗಳು, ಉಳಿದವರದು 8.9. ಕರೆಸಲಿ, ಇಂದೇ ಕರೆಸಲಿ.

ನಾಳೆ ಡಿಸ್ಚಾರ್ಜ್. ನಮ್ಮೂರ ಮೆಡಿಕಲ್ ಅಂಗಡ್ಯಾಗ ಮಾರ್ಫಿನ್ ಸಿಗಂಗಿಲ್ಲ ಅಂತಾರ. — ರಾಮದುರ್ಗ

ಸಿಗುವುದಿಲ್ಲ. 1985ರ ಮಾದಕವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾಗಿ, ರಾಜ್ಯ ಔಷಧ ನಿಯಂತ್ರಕರ ಮಾನ್ಯತೆ ಪಡೆದ ಸಂಸ್ಥೆಗಳು ಮಾರ್ಫಿನ್ ಇಟ್ಟು ಕೊಡುವುದು ಸುಲಭವಾಗಿದೆ. ಆದರೆ ಊರಿನ ಅಂಗಡಿಗೆ ಅದು ಬಂದಿಲ್ಲ. ಹಾಗಾಗಿ ವಾರ್ಡು ಬಿಡುವ ಮೊದಲೇ ಲೆಕ್ಕ ಹಾಕಿ. 10 ಮಿಲಿಗ್ರಾಂ ಮಾತ್ರೆ ದಿನಕ್ಕೆ ಆರು, ನಡುವಿನ ಹೆಚ್ಚುವರಿಗೆ ಎರಡು, ಒಟ್ಟು ಎಂಟು. ಹದಿನಾಲ್ಕು ದಿನಕ್ಕೆ 112. ಕೊಟ್ಟಿದ್ದು 60 ಇದ್ದರೆ ಎಂಟನೆಯ ದಿನವೇ ಮುಗಿಯುತ್ತದೆ, ಅಲ್ಲೇ ಹೇಳಿ. ಮುಂದಿನ ಸಲ ರೋಗಿಯನ್ನೇ ಬಸ್ಸಿನಲ್ಲಿ ಕರೆತರಬೇಕೋ, ಚೀಟಿ ಹಿಡಿದು ಮನೆಯವರು ಬಂದರೆ ಸಾಕೋ ಎಂಬುದನ್ನೂ ಕೇಳಿಕೊಳ್ಳಿ. ಬಿಸಾಕೊಡಿಲ್ ಮರೆಯಬೇಡಿ. ಮಾತ್ರೆಗಳು ಬೀಗದ ಟ್ರಂಕಿನಲ್ಲಿರಲಿ, ಡಿಸ್ಚಾರ್ಜ್ ಚೀಟಿಯೂ ಅವುಗಳ ಜೊತೆಗೇ. ಉಳಿದ ಮಾತ್ರೆಗಳನ್ನು ಪಕ್ಕದ ಮನೆಯ ಬೆನ್ನುನೋವಿಗೆ ಕೊಡಬೇಡಿ. ಎಣಿಸಿ ಆಸ್ಪತ್ರೆಗೆ ಒಪ್ಪಿಸಿ, ಅವರ ಪುಸ್ತಕದಲ್ಲಿ ಬರೆಸಿ.